ಸಿಗದ ಮೀನಿನ ಲೆಕ್ಕ

ವಾಷಿಂಗ್ಟನ್ ರಾಜ್ಯದ ವಾಯವ್ಯ ಮೂಲೆಯ ಸ್ಕ್ಯಾಜಿಟ್ ನದಿ ಕೆನಡಾದ ಗುಡ್ಡಗಳಲ್ಲಿ ಹುಟ್ಟುತ್ತದೆ. ನಾರ್ತ್ ಕ್ಯಾಸ್ಕೇಡ್ಸ್ ಪರ್ವತಗಳ ಹಿಮದ ನೀರು ಕೂಡಿಕೊಂಡು, ಮೌಂಟ್ ವರ್ನನ್ ಪಟ್ಟಣ ದಾಟಿ, ಪ್ಯೂಜೆಟ್ ಸೌಂಡ್ ಎಂಬ ಕಡಲ ತೋಳಿಗೆ ಸೇರುತ್ತದೆ. ಆ ಕಡಲಿಗೆ ಬೀಳುವ ನದಿಗಳಲ್ಲಿ ಇದೇ ದೊಡ್ಡದು. ಶಿನೂಕ್, ಕೋಹೊ, ಚಮ್, ಪಿಂಕ್, ಸಾಕೈ ಎಂಬ ಐದೂ ಜಾತಿಯ ಪೆಸಿಫಿಕ್ ಸಾಲ್ಮನ್‌ಗಳು ಇಲ್ಲಿ ಮೊಟ್ಟೆಯಿಡುತ್ತವೆ. ಅವುಗಳ ಹತ್ತಿರದ ನೆಂಟ ಸ್ಟೀಲ್‌ಹೆಡ್ ಬೇರೆ. ಜಲ್ಲಿಯೊಳಗೆ ಮೊಟ್ಟೆಯೊಡೆದು ಹೊರಬಿದ್ದ ಮರಿಗಳು ಜನವರಿಯಿಂದ ನಡುಬೇಸಗೆಯವರೆಗೆ ಕಡಲಿನತ್ತ ಇಳಿಯುತ್ತವೆ. ಎಷ್ಟು ಇಳಿದವು ಎಂದು ಹೇಳುವುದು ನನ್ನಂಥ ಹಂಗಾಮಿ ಕೆಲಸಗಾರರ ಪಾಲಿನ ಕೆಲಸ.

ಇದಕ್ಕೆ ಬಳಸುವುದು ರೋಟರಿ ಸ್ಕ್ರೂ ಟ್ರ್ಯಾಪ್. ಎರಡು ತೇಲುದೋಣಿಗಳ ನಡುವೆ ತೂತು ತಗಡಿನ ದೊಡ್ಡ ಶಂಕು, ಬಾಯಿ ಪ್ರವಾಹಕ್ಕೆ ಎದುರಾಗಿ, ಅರ್ಧ ನೀರಿನಲ್ಲಿ, ಅರ್ಧ ಮೇಲೆ. ಸಣ್ಣ ಹೊಳೆಗೆ ಐದಡಿ ಬಾಯಿಯದು, ದೊಡ್ಡ ನದಿಗೆ ಎಂಟಡಿಯದು. ನೀರಿನ ಒತ್ತಡಕ್ಕೆ ಶಂಕು ತಾನಾಗಿ ತಿರುಗುತ್ತದೆ. ಒಳಗಿನ ಸುರುಳಿ ಪಟ್ಟಿ ಮರಿಗಳನ್ನು ಹಿಂದಕ್ಕೆ ದೂಡುತ್ತ ಕೊನೆಯಲ್ಲಿರುವ ಪೆಟ್ಟಿಗೆಗೆ ಇಳಿಸುತ್ತದೆ. ಮಲೆನಾಡಿನ ಗದ್ದೆ ಬದುವಿನಲ್ಲಿ ಮಳೆಗಾಲಕ್ಕೆ ಮೀನಿಗೆ ಒಡ್ಡುವ ಕೂಣಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದು ಸಾರಿಗೆ, ಇದು ಲೆಕ್ಕಕ್ಕೆ, ಅಷ್ಟೇ.

ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿ, ಮುಂದೆ ಇಲ್ಲಿಗೆ ಬಂದು, ಸ್ಕ್ಯಾಜಿಟ್ ಮತ್ತು ಸುತ್ತಲಿನ ಹೊಳೆಗಳಲ್ಲಿ ಹಂಗಾಮಿನ ಮೇಲೆ ಹಂಗಾಮು ಈ ಕೆಲಸ ಮಾಡಿದ್ದೇನೆ. ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ದೋಣಿಯ ಮೇಲೆ ನಿಂತು ಹೇಳುವ ಮಾತುಗಳನ್ನೇ ಇಲ್ಲಿ ಬರೆದಿದ್ದೇನೆ.

1. ಪೆಟ್ಟಿಗೆಯಲ್ಲಿ ಎಷ್ಟಿವೆ ಎಂಬುದೊಂದರಿಂದ ಏನೂ ತಿಳಿಯುವುದಿಲ್ಲ

ಪೆಟ್ಟಿಗೆ ತುಂಬಿದ್ದರೆ ಹೊಸಬರು ಹಿಗ್ಗುತ್ತಾರೆ, ಖಾಲಿಯಿದ್ದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಆದರೆ ನೂರಾರು ಅಡಿ ಅಗಲದ ನದಿಯಲ್ಲಿ ನಮ್ಮ ಬಲೆಯ ಬಾಯಿ ಎಂಟೇ ಅಡಿ. ಮುಖ್ಯ ನದಿಯಲ್ಲಿ ಇಳಿಯುವ ಮರಿಗಳಲ್ಲಿ ನೂರಕ್ಕೆ ಒಂದೋ ಎರಡೋ ನಮಗೆ ಸಿಗುತ್ತವೆ. ಉಳಿದವು ಕತ್ತಲಲ್ಲಿ ಪಕ್ಕದಿಂದ ಹಾದು ಹೋಗುತ್ತವೆ. ನಮಗೆ ಬೇಕಾದದ್ದು ಹಾಗೆ ಹಾದು ಹೋದವುಗಳ ಲೆಕ್ಕ.

ಅದಕ್ಕಿರುವ ಉಪಾಯ ಹಳೆಯದು. 1890ರ ದಶಕದಲ್ಲಿ ಡೆನ್ಮಾರ್ಕಿನ ಪೀಟರ್ಸನ್ ಎಂಬ ವಿಜ್ಞಾನಿ ಕಡಲ ಮೀನಿಗೆ ಗುರುತು ಹಾಕಿ ಬಿಟ್ಟು ಮತ್ತೆ ಹಿಡಿಯುವ ಕ್ರಮವನ್ನು ಬಳಕೆಗೆ ತಂದ. ನಾವು ಮಾಡುವುದೂ ಅದನ್ನೇ. ಬಲೆಗೆ ಬಿದ್ದ ಒಂದಷ್ಟು ಮರಿಗಳಿಗೆ ಗುರುತು ಹಾಕಿ ನದಿಯ ಮೇಲ್ಭಾಗಕ್ಕೆ ಒಯ್ದು ಬಿಡುತ್ತೇವೆ. ಅವುಗಳಲ್ಲಿ ಎಷ್ಟು ಮತ್ತೆ ಬಲೆಗೆ ಬೀಳುತ್ತವೆ ಎಂದು ನೋಡುತ್ತೇವೆ. ಗುರುತಿನ 500 ಮರಿ ಬಿಟ್ಟು 10 ತಿರುಗಿ ಸಿಕ್ಕವು ಎನ್ನಿ. ಬಲೆಯ ಹಿಡಿತ ನೂರಕ್ಕೆ ಎರಡು. ಆ ವಾರ ಬಲೆಗೆ ಬಿದ್ದ ಮರಿ 1,200 ಇದ್ದರೆ ನದಿಯಲ್ಲಿ ಇಳಿದದ್ದು ಸುಮಾರು 60,000. ಹತ್ತರ ಬದಲು 15 ಸಿಕ್ಕಿದ್ದರೆ ಅದೇ 1,200 ಮರಿ 40,000 ಆಗುತ್ತಿತ್ತು. ಐದು ಮರಿಗಳ ಮೇಲೆ ಇಪ್ಪತ್ತು ಸಾವಿರ ನಿಂತಿದೆ. ಗುರುತಿನ ಮರಿಯೊಂದು ಬಕೆಟ್ಟಿನ ಮೂಲೆಯಲ್ಲಿ ಕಣ್ಣು ತಪ್ಪಿಸಿಕೊಂಡರೆ ಏನಾಗುತ್ತದೆಂದು ಇದರಿಂದಲೇ ಊಹಿಸಬಹುದು.

ಸಣ್ಣ ಮರಿಗಳಿಗೆ ಬಿಸ್ಮಾರ್ಕ್ ಬ್ರೌನ್ ಎಂಬ ಬಣ್ಣ. ಗಾಳಿ ಊದುತ್ತಿರುವ ತೊಟ್ಟಿಯಲ್ಲಿ ಸುಮಾರು ಒಂದು ಗಂಟೆ ಬಿಟ್ಟರೆ ಮೈ ಹಳದಿ ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ, ಕೆಲವು ದಿನ ಉಳಿಯುತ್ತದೆ. ದೊಡ್ಡವಕ್ಕೆ ಬಾಲದ ತುದಿಯಲ್ಲಿ ಕೂದಲೆಳೆಯಷ್ಟು ಕತ್ತರಿಸುತ್ತೇವೆ, ಇಲ್ಲವೇ ಅಕ್ಕಿಕಾಳಿಗಿಂತ ತುಸು ಉದ್ದದ, 12 ಮಿಲಿಮೀಟರಿನ ಪಿಟ್ ಟ್ಯಾಗ್ ಎಂಬ ವಿದ್ಯುನ್ಮಾನ ಗುರುತನ್ನು ಹೊಟ್ಟೆಯೊಳಗೆ ಕೂರಿಸುತ್ತೇವೆ. ಕತ್ತಲಾದ ಮೇಲೆ, ನದಿಯ ಅಗಲಕ್ಕೂ ಹರಡುವಂತೆ ಬಿಡಬೇಕು. ಬಲೆಗೆ ತೀರಾ ಹತ್ತಿರ ಬಿಟ್ಟರೆ ಅವು ಉಳಿದವುಗಳ ಜೊತೆ ಬೆರೆಯುವುದಿಲ್ಲ. ತೀರಾ ದೂರ ಬಿಟ್ಟರೆ ದಾರಿಯಲ್ಲಿ ಬೇರೆ ಮೀನುಗಳ ಬಾಯಿಗೆ ಬೀಳುತ್ತವೆ. ಸುಸ್ತಾದ ಮರಿಗಳನ್ನು ಬಿಟ್ಟರೂ ಅದೇ ಕಥೆ: ಸತ್ತ ಮರಿ ತಿರುಗಿ ಬಲೆಗೆ ಬರದು, ಬಲೆಯ ಹಿಡಿತ ಕಡಿಮೆ ಎಂದು ಕಾಣುತ್ತದೆ, ನದಿಯಲ್ಲಿ ಇಲ್ಲದ ಮೀನು ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ. ಮೀನು ಕಡಿಮೆಯಿರುವ ವರ್ಷ ಮೀನು ಜಾಸ್ತಿಯಿದೆ ಎಂದು ಹೇಳುವುದಕ್ಕಿಂತ ಕೆಟ್ಟ ತಪ್ಪು ಈ ಕೆಲಸದಲ್ಲಿಲ್ಲ.

ಮೀನುಮರಿ ಸಾಕುವ ಮರಿಕೇಂದ್ರದಿಂದ ಸಾವಿರಗಟ್ಟಲೆ ಮರಿ ತಂದು ಈ ಪರೀಕ್ಷೆ ಮಾಡುವವರಿದ್ದಾರೆ. ಸುಲಭ ನಿಜ. ಆದರೆ ತೊಟ್ಟಿಯಲ್ಲಿ ಮೇವು ತಿಂದು ಕೊಬ್ಬಿದ ಮರಿ ನದಿಯ ಮರಿಯಂತೆ ಈಜುವುದಿಲ್ಲ. ನನ್ನ ಮಾತು ಕೇಳುವುದಾದರೆ, ನದಿಯದೇ ಮುನ್ನೂರು ಮರಿ ಮರಿಕೇಂದ್ರದ ಮೂರು ಸಾವಿರಕ್ಕಿಂತ ಮೇಲು.

2. ಸೊನ್ನೆ ಬೇರೆ, ಖಾಲಿ ಬೇರೆ

ಬಲೆ ತಿರುಗುತ್ತಿತ್ತು, ಮೀನು ಬರಲಿಲ್ಲ: ಇದು ಸೊನ್ನೆ. ಬಲೆಯೇ ತಿರುಗುತ್ತಿರಲಿಲ್ಲ: ಇದು ಖಾಲಿ. ಎರಡನ್ನೂ ಒಂದೇ ಮನೆಯಲ್ಲಿ ಒಂದೇ ಅಂಕಿಯಾಗಿ ಬರೆದರೆ ಹಂಗಾಮಿನ ದುಡಿಮೆಯೆಲ್ಲ ನೀರುಪಾಲು.

ಬಲೆ ನಿಲ್ಲುವುದು ದಿನದ ಮಾತು. ಎಲೆ, ಪಾಚಿ, ಮರದ ತುಂಡು, ಒಮ್ಮೊಮ್ಮೆ ಬೇರುಸಮೇತ ಬಂದ ಇಡೀ ಮರ. ಬೆಳಿಗ್ಗೆ ಹೋದಾಗ ಶಂಕುವಿನ ಬಾಯಿಗೆ ಕೊರಡು ಸಿಕ್ಕಿಕೊಂಡು ಬಲೆ ಸುಮ್ಮನೆ ನಿಂತಿದ್ದರೆ ಮೊದಲ ಪ್ರಶ್ನೆ: ಯಾವಾಗ ನಿಂತಿತು? ಅದಕ್ಕೇ ಅಚ್ಚಿಗೆ ಸುತ್ತು ಎಣಿಸುವ ಸಾಧನ ಹಾಕಿರುತ್ತಾರೆ. ಹಿಂದಿನ ಸಲ ನೋಡಿದಾಗಿನ ಅಂಕಿ, ಈಗಿನ ಅಂಕಿ, ನಿಮಿಷಕ್ಕೆ ಎಷ್ಟು ಸುತ್ತು ಎಂಬುದು, ಈ ಮೂರು ಗೊತ್ತಿದ್ದರೆ ಬಲೆ ಎಷ್ಟು ಹೊತ್ತು ದುಡಿಯಿತು ಎಂದು ಹೇಳಬಹುದು. ಕೊರಡು ತೆಗೆಯುವ ಅವಸರದಲ್ಲಿ ಈ ಅಂಕಿ ಬರೆದುಕೊಳ್ಳದವರೇ ಹೆಚ್ಚು. ಕೊರಡು ಐದು ನಿಮಿಷ ಕಾಯುತ್ತದೆ. ಮೊದಲು ಬರೆಯಿರಿ.

ಇದರಲ್ಲೊಂದು ಬಿಡಿಸಲಾಗದ ಗಂಟಿದೆ. ನೀರು ಏರಿ ಕೆಂಪಾದ ರಾತ್ರಿಯೇ ಮರಿಗಳು ಗುಂಪುಗುಂಪಾಗಿ ಇಳಿಯುತ್ತವೆ. ಕದಡಿದ ನೀರಿನಲ್ಲಿ ಬಲೆ ಕಾಣದೆ ಬೀಳುವವೂ ಹೆಚ್ಚು. ಬಲೆ ಒಡೆದೀತೆಂದು ವಿಂಚ್ ತಿರುಗಿಸಿ ಶಂಕು ಮೇಲೆತ್ತಬೇಕಾದದ್ದೂ ಅದೇ ರಾತ್ರಿ. ಹಂಗಾಮಿನ ಅತಿ ಮುಖ್ಯ ಗಂಟೆಗಳಲ್ಲಿ ನಾವು ದಡದಲ್ಲಿ ಟ್ರಕ್ಕಿನೊಳಗೆ ಕೂತು ಕಾಫಿ ಕುಡಿಯುತ್ತಿರುತ್ತೇವೆ. ಆ ಗಂಟೆಗಳ ಮೀನನ್ನು ಹಿಂದಿನ ಮುಂದಿನ ರಾತ್ರಿಗಳ ಹಿಡಿತದಿಂದ ಅಂದಾಜು ಮಾಡುತ್ತಾರೆ. ಅಂದಾಜು ಎಷ್ಟು ಸರಿ ಎಂಬುದು ಒಂದೇ ವಿಷಯದ ಮೇಲೆ ನಿಂತಿದೆ: ಎತ್ತಿದ್ದು ಎಷ್ಟು ಗಂಟೆಗೆ, ಇಳಿಸಿದ್ದು ಎಷ್ಟು ಗಂಟೆಗೆ ಎಂದು ನೀವು ಬರೆದಿದ್ದೀರೋ ಇಲ್ಲವೋ.

ಬರೆಯಲು ಪೆನ್ಸಿಲ್. ಟಕೋಮಾ ಊರಿನಲ್ಲಿ ತಯಾರಾಗುವ ರೈಟ್ ಇನ್ ದ ರೇನ್ ಪುಸ್ತಕಗಳಲ್ಲಿ ಮಳೆ ಸುರಿಯುತ್ತಿದ್ದರೂ ಪೆನ್ಸಿಲ್ ಅಕ್ಷರ ಮೂಡುತ್ತದೆ. ಈಗ ಟ್ಯಾಬ್ಲೆಟ್ ಬಂದಿದೆ, ಒಳ್ಳೆಯದೇ. ಆದರೆ ಒದ್ದೆ ಬೆರಳಿಗೆ ಅದು ಸ್ಪಂದಿಸುವುದಿಲ್ಲ, ನಮ್ಮ ಬೆರಳು ಒಣಗಿರುವ ಹೊತ್ತೇ ಇಲ್ಲ.

3. ಮರಿ ರಾತ್ರಿ ನಡೆಯುತ್ತದೆ, ನೀವೂ ನಡೆಯಿರಿ

ಸಣ್ಣ ಮರಿಗಳು ಬಹುಪಾಲು ಕತ್ತಲಲ್ಲಿ ಇಳಿಯುತ್ತವೆ, ಹಕ್ಕಿ ಮತ್ತು ದೊಡ್ಡ ಮೀನುಗಳ ಕಣ್ಣು ತಪ್ಪಿಸಲು. ಹಗಲಿನ ಹಿಡಿತವೊಂದನ್ನೇ ನೋಡಿ ಲೆಕ್ಕ ಹಾಕುವುದು ಮುಚ್ಚಿದ ಬಾಗಿಲಿನ ಅಂಗಡಿಯ ವ್ಯಾಪಾರ ಎಣಿಸಿದಂತೆ. ರಾತ್ರಿ ಪಾಳಿ ಯಾರಿಗೂ ಇಷ್ಟವಿಲ್ಲ. ಪಾಳಿಯನ್ನು ಎಲ್ಲರಿಗೂ ಸಮನಾಗಿ ಹಂಚಿ. ತಲೆದೀಪ ಸದಾ ಉರಿಯುತ್ತಿರಬೇಕಿಲ್ಲ, ಬಲೆಯ ಬಾಯಿಯ ಮೇಲೆ ಬೆಳಕು ಚೆಲ್ಲಿದರೆ ಮೀನು ದೂರ ಸರಿಯುತ್ತದೆ.

4. ಮೀನಿನ ಗುರುತು ರೆಕ್ಕೆಯಲ್ಲಿದೆ

ಫೆಬ್ರವರಿಯ ಒಂದು ರಾತ್ರಿ ಬಿಳಿ ತಟ್ಟೆಯ ಮೇಲೆ ನಿಮ್ಮ ಮುಂದೆ ನಾಲ್ಕು ಮರಿಗಳಿವೆ ಎನ್ನಿ. ಎಲ್ಲವೂ ಕಿರುಬೆರಳಿಗಿಂತ ಚಿಕ್ಕವು, ತೂಕ ಅರ್ಧ ಗ್ರಾಂ ಆಸುಪಾಸು. ನಿಮ್ಮ ಬೆರಳು ಮರಗಟ್ಟಿದೆ. ಯಾವುದು ಯಾವುದು?

ಮೈಪಕ್ಕದಲ್ಲಿ ಪಟ್ಟೆಯೇ ಇಲ್ಲದ, ಎಲ್ಲಕ್ಕಿಂತ ತೆಳುವಾದ ಬೆಳ್ಳಿ ಮರಿ ಪಿಂಕ್. ಬೆನ್ನು ಹಸಿರಾಗಿ ಹೊಳೆಯುತ್ತಿದ್ದು, ಪಟ್ಟೆಗಳು ಗಿಡ್ಡವಾಗಿ ಮೈಯ ನಡುಗೆರೆಗಿಂತ ಮೇಲೆಯೇ ಬಹುಪಾಲು ನಿಂತಿದ್ದರೆ ಚಮ್. ಇವೆರಡೂ ಜಲ್ಲಿಯಿಂದ ಎದ್ದ ಕೂಡಲೇ ಕಡಲ ದಾರಿ ಹಿಡಿಯುವ ಜಾತಿ, ಹೊಳೆಯಲ್ಲಿ ಅಡಗಿ ಬದುಕಬೇಕಾದ ಅಗತ್ಯವಿಲ್ಲ. ಪಟ್ಟೆಯ ವೇಷ ಅವಕ್ಕೆ ಅಷ್ಟಾಗಿ ಬೇಡ. ಪಟ್ಟೆಗಳು ಅಗಲವಾಗಿ, ಎತ್ತರವಾಗಿ ನಡುಗೆರೆಯ ಮೇಲೂ ಕೆಳಗೂ ಚಾಚಿದ್ದರೆ ಶಿನೂಕ್ ಇಲ್ಲವೇ ಕೋಹೊ. ತಕರಾರು ಶುರುವಾಗುವುದು ಇಲ್ಲಿ.

ಕೋಹೊ ಮರಿಯ ಗುದರೆಕ್ಕೆಯನ್ನು ನೋಡಿ. ಮುಂದಿನ ಕಡ್ಡಿಗಳು ಉದ್ದವಾಗಿ ಕುಡುಗೋಲಿನಂತೆ ಬಾಗಿರುತ್ತವೆ, ಅಂಚು ಬಿಳಿ, ಅದರ ಹಿಂದೆಯೇ ಒಂದು ಕಪ್ಪು ಗೆರೆ. ರೆಕ್ಕೆಗಳಿಗೆ ಕಿತ್ತಳೆ ಛಾಯೆ. ಶಿನೂಕ್‌ನಲ್ಲಿ ಆ ಬಾಗು ಇಷ್ಟು ಎದ್ದು ಕಾಣದು. ಇನ್ನೂ ಅನುಮಾನವಿದ್ದರೆ ಬೆನ್ನಿನ ಹಿಂಭಾಗದಲ್ಲಿ, ಬಾಲಕ್ಕೆ ಮೊದಲು, ಮಾಂಸದ ಪುಟ್ಟ ಚೂರಿನಂತಿರುವ ಅಡಿಪೋಸ್ ರೆಕ್ಕೆಯನ್ನು ದೀಪಕ್ಕೆ ಹಿಡಿಯಿರಿ. ಶಿನೂಕ್‌ನ ಈ ರೆಕ್ಕೆಗೆ ಕಪ್ಪು ಅಂಚಿದ್ದು, ಒಳಗೆ ಬೆಳಕು ಹಾಯುವ ಕಿಟಕಿಯೊಂದಿರುತ್ತದೆ. ಕೋಹೊದಲ್ಲಿ ರೆಕ್ಕೆ ಪೂರ್ತಿ ಬಣ್ಣ ತುಂಬಿಕೊಂಡಿರುತ್ತದೆ. ಒದ್ದೆ ತಟ್ಟೆಯ ಮೇಲೆ ರೆಕ್ಕೆ ಮೈಗೆ ಅಂಟಿ ಮಲಗಿರುತ್ತದೆ; ತಟ್ಟೆಯಲ್ಲಿ ಬೆರಳೆತ್ತರ ನೀರಿದ್ದರೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಪುಸ್ತಕದ ಚಿತ್ರಗಳಲ್ಲಿ ಈ ನೀರಿನ ಮಾತು ಇರುವುದಿಲ್ಲ.

ಆ ಅಡಿಪೋಸ್ ರೆಕ್ಕೆಯೇ ಇಲ್ಲದಿದ್ದರೆ? ಅದು ಮರಿಕೇಂದ್ರದ ಮೀನು. ಬಿಡುವ ಮೊದಲು ಅಲ್ಲಿ ರೆಕ್ಕೆ ಕತ್ತರಿಸುತ್ತಾರೆ, ಕಾಡುಮೀನಿನಿಂದ ಬೇರೆ ಕಾಣಲೆಂದು. ಕೆಲವಕ್ಕೆ ಮೂತಿಯೊಳಗೆ ಒಂದು ಮಿಲಿಮೀಟರಿನಷ್ಟು ಉದ್ದದ ಸಂಕೇತತಂತಿಯೂ ಇರುತ್ತದೆ. ಪತ್ತೆಕೋಲು ಹತ್ತಿರ ಹಿಡಿದರೆ ಕೂಗುತ್ತದೆ. ರೆಕ್ಕೆಯಿದ್ದೂ ತಂತಿಯಿರುವ ಮೀನುಗಳಿವೆ, ಆದ್ದರಿಂದ ಕಣ್ಣನ್ನು ಮಾತ್ರ ನಂಬಬೇಡಿ.

ಮತ್ತೊಂದು ಸಂಗತಿ. ಪ್ಯೂಜೆಟ್ ಸೌಂಡಿನ ನದಿಗಳಿಗೆ ಪಿಂಕ್ ಸಾಲ್ಮನ್ ದೊಡ್ಡ ಸಂಖ್ಯೆಯಲ್ಲಿ ಬರುವುದು ಬೆಸ ವರ್ಷಗಳಲ್ಲಿ. ಅವುಗಳ ಮರಿ ಇಳಿಯುವುದು ಮರುವರ್ಷದ ವಸಂತದಲ್ಲಿ, ಅಂದರೆ ಸರಿ ವರ್ಷಗಳಲ್ಲಿ. ಬೆಸ ವರ್ಷ ಕೆಲಸಕ್ಕೆ ಸೇರಿದವರು ಪಿಂಕ್ ಮರಿಯನ್ನು ಹೆಚ್ಚಾಗಿ ಕಾಣದೆಯೇ ಹಂಗಾಮು ಮುಗಿಸುತ್ತಾರೆ, ಮರುವರ್ಷ ಪೆಟ್ಟಿಗೆ ತುಂಬಿದಾಗ ತಬ್ಬಿಬ್ಬಾಗುತ್ತಾರೆ. ಗೊತ್ತಾಗದ ಮರಿಯನ್ನು ಊಹೆಯ ಹೆಸರಿನಲ್ಲಿ ಬರೆಯುವ ಬದಲು 'ಗುರುತಾಗಲಿಲ್ಲ' ಎಂಬ ಮನೆಯಲ್ಲಿ ಹಾಕಿ. ಆ ಮನೆ ಇರುವುದೇ ಅದಕ್ಕೆ.

5. ಹಿಡಿದ ಮರಿ ನಿಮ್ಮದಲ್ಲ

ಪ್ಯೂಜೆಟ್ ಸೌಂಡಿನ ಶಿನೂಕ್ 1999ರಿಂದ, ಸ್ಟೀಲ್‌ಹೆಡ್ 2007ರಿಂದ ಅಮೆರಿಕದ ಅಪಾಯದಂಚಿನ ಜೀವಿಗಳ ಕಾಯಿದೆಯಡಿ ಸಂರಕ್ಷಿತ. ಅವನ್ನು ಮುಟ್ಟಲೂ ಪರವಾನಗಿ ಬೇಕು. ಎಷ್ಟು ಸತ್ತವು ಎಂದು ವರದಿ ಕೊಡಬೇಕು. ಕಾಯಿದೆ ಇಲ್ಲದಿದ್ದರೂ ಲೆಕ್ಕಶಾಸ್ತ್ರ ಬಿಡುವುದಿಲ್ಲ: ಎಣಿಸುವ ಕೆಲಸವೇ ಮೀನನ್ನು ಕೊಂದರೆ ಎಣಿಸಿ ಏನು ಬಂತು?

ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಣ ಕೈ ಮೀನಿನ ಮೈಯ ಲೋಳೆಯನ್ನು ಕಿತ್ತುಕೊಳ್ಳುತ್ತದೆ, ರೋಗಕ್ಕೆ ಬಾಗಿಲು ತೆರೆಯುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಇಳಿಯುವ ಕೋಹೊ ಮತ್ತು ಸ್ಟೀಲ್‌ಹೆಡ್ ಮರಿಗಳ ಮಟ್ಟಿಗೆ ಇದು ಇನ್ನೂ ಸೂಕ್ಷ್ಮ. ಹೊಳೆಯಲ್ಲಿ ಒಂದೋ ಎರಡೋ ವರ್ಷ ಕಳೆದು, ಉಪ್ಪುನೀರಿಗೆ ಮೈ ಒಗ್ಗಿಸಿಕೊಳ್ಳುತ್ತಿರುವ ಮರಿಗಳಿವು. ಪಟ್ಟೆ ಮಾಸಿ ಮೈಯೆಲ್ಲ ಬೆಳ್ಳಿಯಾಗಿರುತ್ತದೆ, ಹುರುಪೆ ಸಡಿಲವಾಗಿರುತ್ತದೆ. ಒರಟಾಗಿ ಹಿಡಿದರೆ ಅಂಗೈ ತುಂಬ ಹೊಳೆಯುವ ಹುರುಪೆ ಉಳಿಯುತ್ತದೆ. ಅಂಥ ಮರಿ ಕಡಲಿಗೆ ಹೋಗಿ ಬದುಕುವುದು ಕಷ್ಟ.

ಅಳತೆ ಹಿಡಿಯುವ ಮೊದಲು ಎಂಎಸ್-222 ಎಂಬ ಅರಿವಳಿಕೆಯ ನೀರಿನಲ್ಲಿ ಬಿಡುತ್ತೇವೆ. ಈ ಪುಡಿ ನೀರನ್ನು ಹುಳಿಯಾಗಿಸುತ್ತದೆ, ಆದ್ದರಿಂದ ಅಡುಗೆ ಸೋಡಾ ಬೆರೆಸುವುದು ಕಡ್ಡಾಯ. ಒಂದು ಸಲಕ್ಕೆ ಕೈಯಲ್ಲಿ ಮುಗಿಸಬಹುದಾದಷ್ಟೇ ಮರಿ. ಅಳೆಯುವವರು ಹಿಂದೆ ಬಿದ್ದರೆ ಅದ್ದುವವರು ನಿಲ್ಲಿಸಬೇಕು. ಉದ್ದವನ್ನು ಮೂತಿಯ ತುದಿಯಿಂದ ಬಾಲದ ಕವಲಿನವರೆಗೆ ಅಳೆಯುತ್ತಾರೆ, ಬಾಲದ ತುದಿಯವರೆಗೆ ಅಲ್ಲ, ಏಕೆಂದರೆ ಬಾಲದ ತುದಿ ಸವೆದಿರಬಹುದು. ಆಮೇಲೆ ತಣ್ಣನೆಯ ಹೊಸ ನೀರಿನಲ್ಲಿ, ನೆಟ್ಟಗೆ ಈಜುವವರೆಗೆ ಕಾದು ಬಿಡುವುದು. ಬಕೆಟ್ಟಿನಲ್ಲಿ ಥರ್ಮಾಮೀಟರ್ ಸದಾ ಇರಲಿ. ಜೂನ್ ಹೊತ್ತಿಗೆ ಬಿಸಿಲಿನಲ್ಲಿಟ್ಟ ಬಕೆಟ್ ನದಿಗಿಂತ ಎಷ್ಟೋ ಬೇಗ ಕಾಯುತ್ತದೆ. ನದಿಯ ನೀರೇ 18 ಡಿಗ್ರಿ ಸೆಲ್ಸಿಯಸ್ ದಾಟುತ್ತ ಬಂದರೆ ಮೀನು ಮುಟ್ಟುವುದನ್ನು ಕಡಿಮೆ ಮಾಡಬೇಕು, ಎಣಿಸಿ ಬಿಟ್ಟುಬಿಡಬೇಕು.

ಪೆಟ್ಟಿಗೆಯೊಳಗಿನ ರಾಜಕೀಯವೂ ತಿಳಿದಿರಲಿ. ಅದರಲ್ಲಿ ನೂರಾರು ಚಮ್ ಮರಿಗಳ ಜೊತೆ ನಾಲ್ಕು ದೊಡ್ಡ ಕೋಹೊ, ಒಂದಿಷ್ಟು ದಪ್ಪತಲೆಯ ಸ್ಕಲ್ಪಿನ್ ಸೇರಿಕೊಂಡರೆ ಬೆಳಗಿನ ಹೊತ್ತಿಗೆ ಚಮ್ ಸಂಖ್ಯೆ ಇಳಿದಿರುತ್ತದೆ, ಸ್ಕಲ್ಪಿನ್ ಹೊಟ್ಟೆ ಉಬ್ಬಿರುತ್ತದೆ. ಸಣ್ಣವು ಅಡಗಲು ಪೆಟ್ಟಿಗೆಯಲ್ಲಿ ಕೊಂಬೆಯೋ ಜಾಲರಿಯೋ ಹಾಕಿಡಿ. ಚಮ್ ಇಳಿತ ಜೋರಾಗಿರುವಾಗ ಪೆಟ್ಟಿಗೆಯನ್ನು ಮೇಲಿಂದ ಮೇಲೆ ಖಾಲಿ ಮಾಡಿ, ತಿನ್ನುವವನ್ನು ಮೊದಲು ಎತ್ತಿ.

6. ಅಣೆಕಟ್ಟು ಮೇಲಿದ್ದರೆ ಮಳೆಯಿಲ್ಲದೆಯೂ ನೀರು ಏರುತ್ತದೆ

ಸ್ಕ್ಯಾಜಿಟ್‌ನ ಮೇಲ್ಭಾಗದಲ್ಲಿ ರಾಸ್, ಡಯಾಬ್ಲೊ, ಗಾರ್ಜ್ ಎಂಬ ಮೂರು ಅಣೆಕಟ್ಟುಗಳಿವೆ, ಮೂರೂ ಸಿಯಾಟಲ್ ನಗರದ ವಿದ್ಯುತ್ ಸಂಸ್ಥೆಯವು. ಊರಿನ ಕರೆಂಟಿನ ಬೇಡಿಕೆಗೆ ತಕ್ಕಂತೆ ನೀರು ಬಿಡುವುದು ಹೆಚ್ಚುಕಡಿಮೆಯಾಗುತ್ತದೆ. ಏರುವ ನೀರು ನಮಗೆ ಅಪಾಯ. ಇಳಿಯುವ ನೀರು ಮರಿಗಳಿಗೆ. ನೀರು ಗಬಕ್ಕನೆ ತಗ್ಗಿದರೆ ದಡದ ಜಲ್ಲಿಯ ಅಂಚಿನಲ್ಲಿ ಆಡಿಕೊಂಡಿದ್ದ ಶಿನೂಕ್ ಮರಿಗಳು ಕಲ್ಲುಗಳ ನಡುವೆ ಒಣಗಿ ಸಾಯುತ್ತವೆ. ಅದಕ್ಕಾಗಿ ಮರಿಗಳ ಕಾಲದಲ್ಲಿ ನೀರನ್ನು ಎಷ್ಟು ವೇಗವಾಗಿ ಇಳಿಸಬಹುದು ಎಂಬುದಕ್ಕೆ ಇಲ್ಲಿ ಕಟ್ಟುಪಾಡುಗಳಿವೆ. ಕೆಲಸಕ್ಕೆ ಹೊರಡುವ ಮೊದಲು ಮೇಲಿನ ಮಾಪನ ಕೇಂದ್ರದ ನೀರಿನ ಮಟ್ಟ ನೋಡುವುದನ್ನು ಹಲ್ಲುಜ್ಜುವಷ್ಟೇ ಅಭ್ಯಾಸ ಮಾಡಿಕೊಳ್ಳಿ.

ಲೈಫ್ ಜಾಕೆಟ್ ಬಿಚ್ಚಬೇಡಿ. ಎದೆಯವರೆಗಿನ ರಬ್ಬರ್ ದಿರಿಸಿಗೆ ಸೊಂಟಪಟ್ಟಿ ಬಿಗಿಯಾಗಿರಲಿ, ಬಿದ್ದರೆ ಒಳಗೆ ನೀರು ನುಗ್ಗುವುದು ನಿಧಾನವಾಗುತ್ತದೆ. ಬಲೆಯ ಮುಂದುಗಡೆ, ಶಂಕುವಿನ ಬಾಯಿಯ ಬಳಿ, ಒಬ್ಬರೇ ಹೋಗುವಂತಿಲ್ಲ. ಒಬ್ಬರು ಕೊರಡು ಎಳೆಯುವಾಗ ಇನ್ನೊಬ್ಬರ ಕೆಲಸ ಮೇಲಿನ ನದಿಯನ್ನು ನೋಡುವುದು ಮಾತ್ರ. ಅವರು ಫೋನ್ ತೆಗೆದರೆ ಕೆಲಸ ನಿಲ್ಲಿಸಿ. ಮಾರ್ಚ್ ತಿಂಗಳ ನೀರು ಐದಾರು ಡಿಗ್ರಿ ಇರುತ್ತದೆ. ಈಜು ಬಲ್ಲವರ ಕೈಕಾಲೂ ನಿಮಿಷಗಳಲ್ಲಿ ಸೋಲುತ್ತವೆ.

7. ಮೇ ತಿಂಗಳ ಪ್ರಶ್ನೆಗೆ ನವೆಂಬರಿನಲ್ಲಿ ಉತ್ತರ ಹುಡುಕಿ

ತಾಯಿ ಮೀನು ಚೆನ್ನಾಗಿ ಬಂದಿತ್ತು, ಮರಿ ಮಾತ್ರ ಕಡಿಮೆ. ಹೀಗಾದ ವರ್ಷ ಎಲ್ಲರೂ ಬಲೆಯನ್ನು ಬೈಯುತ್ತಾರೆ. ಬಹಳ ಸಲ ಕಾರಣ ಹಿಂದಿನ ಚಳಿಗಾಲದ್ದು. ಶಿನೂಕ್ ಮೊಟ್ಟೆಗಳು ಶರತ್ಕಾಲದಿಂದ ಜಲ್ಲಿಯಡಿ ಹುದುಗಿರುತ್ತವೆ. ಹಿಮದ ಮೇಲೆ ಬೆಚ್ಚನೆಯ ಮಳೆ ಸುರಿದು ನೆರೆ ಬಂದರೆ ನದಿತಳವೇ ಕದಲಿ, ಮೊಟ್ಟೆಗಳು ಕಿತ್ತುಕೊಂಡು ಹೋಗುತ್ತವೆ, ಇಲ್ಲವೇ ಹೂಳಿನಡಿ ಉಸಿರುಗಟ್ಟುತ್ತವೆ. ನೆರೆ ದೊಡ್ಡದಾದಷ್ಟೂ ಮೊಟ್ಟೆಯಿಂದ ಮರಿಯಾಗುವ ಪಾಲು ತಗ್ಗುತ್ತದೆ ಎಂಬುದನ್ನು ಸ್ಕ್ಯಾಜಿಟ್‌ನ ದೀರ್ಘಕಾಲದ ಅಂಕಿಗಳೇ ತೋರಿಸಿಕೊಟ್ಟವು. 2021ರ ನವೆಂಬರಿನಲ್ಲಿ ಈ ಕಣಿವೆಯ ಹೆದ್ದಾರಿಗಳನ್ನೇ ಮುಳುಗಿಸಿದಂಥ ನೆರೆ ಬಂದಾಗ ಟಿವಿಯವರು ಮನೆಗಳನ್ನು ತೋರಿಸಿದರು, ನಮಗೆ ಜಲ್ಲಿಯ ಚಿಂತೆ.

8. ಲೆಕ್ಕ ಯಾರ ಕೈಗೆ ಹೋಗುತ್ತದೆಂದು ತಿಳಿದಿರಲಿ

ಈ ನಾಡಿನ ಮೂಲನಿವಾಸಿ ಬುಡಕಟ್ಟುಗಳು 1850ರ ದಶಕದ ಒಪ್ಪಂದಗಳಲ್ಲಿ ನೆಲ ಬಿಟ್ಟುಕೊಟ್ಟರೂ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡಿದ್ದವು. ಮುಂದೆ ಸರ್ಕಾರ ಆ ಹಕ್ಕನ್ನು ಮರೆಯಿತು. 1960ರ ದಶಕದಲ್ಲಿ ನಿಸ್ಕ್ವಾಲಿ ಬುಡಕಟ್ಟಿನ ಬಿಲ್ಲಿ ಫ್ರಾಂಕ್ ಜೂನಿಯರ್ ಮತ್ತು ಜೊತೆಗಾರರು ಬೇಕೆಂದೇ ನದಿಗೆ ಬಲೆ ಹಾಕಿ, ಬಂಧನಕ್ಕೊಳಗಾಗಿ ಹೋರಾಡಿದರು. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ಕೊಟ್ಟ ತೀರ್ಪು ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಬುಡಕಟ್ಟುಗಳದ್ದು ಎಂದಿತು. ಅಂದಿನಿಂದ ರಾಜ್ಯ ಮತ್ತು ಬುಡಕಟ್ಟುಗಳು ಜೊತೆಯಾಗಿ ಮೀನುಗಾರಿಕೆಯನ್ನು ನಡೆಸುತ್ತಿವೆ. ಸ್ಕ್ಯಾಜಿಟ್‌ನಲ್ಲಿ ಆ ಬುಡಕಟ್ಟುಗಳೆಂದರೆ ಸ್ವಿನೊಮಿಶ್, ಅಪ್ಪರ್ ಸ್ಕ್ಯಾಜಿಟ್ ಮತ್ತು ಸಾಕ್-ಸೂಯಾಟಲ್ ಜನ.

ಹೀಗಾಗಿ ನಿಮ್ಮ ಪೆನ್ಸಿಲ್ ಗೀಟು ಮುಂದಿನ ವಸಂತದ ಸಭೆಯಲ್ಲಿ ಯಾರು ಎಷ್ಟು ಹಿಡಿಯಬೇಕು ಎಂಬ ಮಾತಿಗೆ ಬರುತ್ತದೆ. ಅರ್ಧ ಎಂದರೆ ಯಾವುದರ ಅರ್ಧ ಎಂಬುದಕ್ಕೆ ಎಲ್ಲರೂ ಒಪ್ಪುವ ಸಂಖ್ಯೆ ಬೇಕಲ್ಲ.

ರೈತರಿಗೂ ಇದು ಸಂಬಂಧಿಸಿದ್ದೇ. ನದಿ ಕಡಲು ಸೇರುವಲ್ಲಿ ಹಿಂದೆ ಉಬ್ಬರದ ನೀರು ಆಡುವ ಜೌಗು ಎಷ್ಟೋ ಎಕರೆ ಇತ್ತು. ಒಡ್ಡು ಕಟ್ಟಿ ಅದರ ಬಹುಭಾಗವನ್ನು ಹೊಲ ಮಾಡಿಕೊಂಡರು. ಈಗ ಜನ ಟ್ಯುಲಿಪ್ ಹೂ ನೋಡಲು ಬರುವ ಕಣಿವೆ ಅದೇ. ಶಿನೂಕ್‌ನ ಸಣ್ಣ ಮರಿಗಳು ಕಡಲಿಗಿಳಿಯುವ ಮೊದಲು ಮೈ ಬೆಳೆಸಿಕೊಳ್ಳುವುದು ಆ ಜೌಗಿನಲ್ಲಿ. ಮರಿ ಹೆಚ್ಚು ಇಳಿದ ವರ್ಷ ಉಳಿದಿರುವ ಜೌಗು ಸಾಲದೆ, ತೀರಾ ಚಿಕ್ಕವೇ ಕೊಲ್ಲಿಗೆ ತಳ್ಳಿಸಿಕೊಂಡು ಹೋಗುತ್ತವೆ. ಒಡ್ಡು ಒಡೆದು ಜೌಗು ಮರಳಿಸಬೇಕೆಂಬ ವಾದಕ್ಕೆ ಆಧಾರ ಇಂಥ ಎಣಿಕೆಗಳು. ಹೊಲ ಕಳೆದುಕೊಳ್ಳುವ ರೈತ ನಮ್ಮ ಟ್ರಕ್ಕನ್ನು ಕಂಡು ಮುಖ ತಿರುಗಿಸಿದರೆ ಆಶ್ಚರ್ಯವಿಲ್ಲ. ಅವರ ಜೊತೆ ವಾದಕ್ಕಿಳಿಯಬೇಡಿ. ಎಣಿಸುವವರು ಪಕ್ಷ ಹಿಡಿದರೆ ಎಣಿಕೆಯನ್ನು ಯಾರೂ ನಂಬುವುದಿಲ್ಲ. ನಾನು ಮನಸ್ಸಿನಲ್ಲಿ ಯಾರ ಕಡೆ ಎಂಬುದನ್ನು ದೋಣಿಯ ಮೇಲೆ ಹೇಳುವುದಿಲ್ಲ.

9. ಬಲೆಯನ್ನು ಸುಧಾರಿಸಲು ಹೋಗಬೇಡಿ

ಪ್ರತಿ ವರ್ಷ ಒಬ್ಬ ಜಾಣ ಬರುತ್ತಾನೆ. "ಬಲೆಯನ್ನು ಆ ಕಡೆಯ ಸೆಳವಿಗೆ ಸರಿಸಿದರೆ ದುಪ್ಪಟ್ಟು ಮೀನು ಬೀಳುತ್ತದಲ್ಲ?" ಬೀಳುತ್ತದೆ. ಆದರೆ ಮೌಂಟ್ ವರ್ನನ್ ಬಳಿಯ ಬಲೆಗಳ ಅಂಕಿ 1990ರಿಂದ ಇದೆ. ಅದರ ಬೆಲೆಯೆಲ್ಲ ಅದೇ ಜಾಗ, ಅದೇ ವಿಧಾನ ಎಂಬುದರಲ್ಲಿದೆ. ಬದಲಿಸಲೇಬೇಕಾದರೆ ಹಳೆಯದನ್ನೂ ಹೊಸದನ್ನೂ ಜೊತೆಜೊತೆಗೆ ಓಡಿಸಿ ತಾಳೆ ನೋಡಿದ ಮೇಲೆ. ಕೋವಿಡ್ ಬಂದ 2020ರ ವಸಂತದಲ್ಲಿ ಪಶ್ಚಿಮ ಕರಾವಳಿಯ ಹಲವು ಹೊಳೆಗಳಲ್ಲಿ ಬಲೆ ಮೇಲೆತ್ತಿಸಿದರು. ಅಂಥ ಕಡೆ ಆ ಸಾಲು ಇವತ್ತಿಗೂ ಖಾಲಿ, ಯಾವ ಬುದ್ಧಿವಂತಿಕೆಯಿಂದಲೂ ತುಂಬಲು ಬಾರದು.

10. ಬರುವವರಿಗೆ

ಇದು ಆರೇಳು ತಿಂಗಳ ಕೆಲಸ. ಆಮೇಲೆ ಮನೆಗೆ, ಇಲ್ಲವೇ ಶರತ್ಕಾಲದಲ್ಲಿ ತಾಯಿ ಮೀನಿನ ಗೂಡು ಎಣಿಸಲು ಇನ್ನೊಂದು ನದಿಗೆ. ಸಂಬಳ ಸಾಧಾರಣ, ಬಾಡಿಗೆ ಮನೆ ಸಿಗುವುದು ಕಷ್ಟ, ಬೆನ್ನುನೋವು ಖಾತ್ರಿ. ಅನುಭವಿಗಳು ಎರಡು ಮೂರು ಹಂಗಾಮಿನಲ್ಲಿ ಬಿಟ್ಟು ಹೋಗಲು ಇದೇ ಕಾರಣ. ಪ್ರತಿ ವಸಂತದಲ್ಲೂ ಹೊಸಬರಿಗೆ ಗುದರೆಕ್ಕೆ ತೋರಿಸುತ್ತ ಕೂರುವ ಖರ್ಚಿನಲ್ಲಿ ಇಬ್ಬರನ್ನು ಕಾಯಂ ಮಾಡಬಹುದಿತ್ತು ಎಂದು ನನಗೆ ಎಂದಿನಿಂದಲೂ ಅನಿಸಿದೆ.

ಕರ್ನಾಟಕದಿಂದ ಬರಬೇಕೆನ್ನುವವರು ಹಂಗಾಮಿ ಕೆಲಸಕ್ಕೆಂದೇ ವೀಸಾ ಸಿಗುತ್ತದೆಂದು ನಂಬಿಕೊಳ್ಳಬೇಡಿ. ಮೀನುಗಾರಿಕೆಯ ಪದವಿ ಮುಗಿಸಿ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರಕ್ಕೆ ಸೇರಿ, ಆ ದಾರಿಯಿಂದ ನದಿಗೆ ಇಳಿಯುವುದು ನಡೆಯುವ ದಾರಿ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ 1919ರಿಂದ ಈ ವಿಷಯ ಕಲಿಸುತ್ತಿದೆ. ಅರ್ಜಿ ಹಾಕುವಾಗ ಸಂಖ್ಯಾಶಾಸ್ತ್ರದ ಅಂಕ ಚೆನ್ನಾಗಿರಲಿ, ದೋಣಿ ನಡೆಸಿದ್ದರೆ ಅದನ್ನೂ ಬರೆಯಿರಿ. ಈಜು ಬಾರದಿದ್ದರೆ ಮಿಕ್ಕಿದ್ದೆಲ್ಲಕ್ಕಿಂತ ಮೊದಲು ಅದನ್ನು ಕಲಿತು ಬನ್ನಿ.